ಎಡಕ್ಕೆ 106, ಬಲಕ್ಕೆ 105

ನಶೆಯ ಇಂಜೆಕ್ಷನ್ ಚುಚ್ಚಿಕೊಳ್ಳುವವರ ಜೊತೆ ಕೆಲಸ ಮಾಡುವ ಕೌನ್ಸೆಲರ್ ನಾನು. ಆಗಾಗ ಎಂಎಸ್‌ಡಬ್ಲ್ಯು ಓದುವ ಮಕ್ಕಳು ನಮ್ಮಲ್ಲಿ ತರಬೇತಿಗೆ ಬರುತ್ತಾರೆ. ಎಚ್‌ಐವಿ ಲಸಿಕೆಯ ಮಾತು ಬಂದರೆ ನಾನು ಬ್ಯಾಂಕಾಕಿನ ಪ್ರಯೋಗದ ಕತೆ ಹೇಳುತ್ತೇನೆ. 1999ರಲ್ಲಿ ಶುರುವಾಗಿದ್ದು. ಲಸಿಕೆಯ ಹೆಸರು ಏಡ್ಸ್‌ವ್ಯಾಕ್ಸ್. ನಗರದ 17 ಕ್ಲಿನಿಕ್‌ಗಳು, ಎರಡೂವರೆ ಸಾವಿರಕ್ಕೂ ಜಾಸ್ತಿ ಜನ, ಎಲ್ಲರೂ ಚುಚ್ಚಿಕೊಳ್ಳುವವರೇ. ಕೊನೆಗೆ ನೋಡಿದರೆ 211 ಜನರಿಗೆ ಸೋಂಕು.

ಇಷ್ಟು ಹೇಳಿದ್ದೇ ತಡ, ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೇಳುತ್ತೆ. "ಮೇಡಂ, ಪಾಪ, ಅವ್ರಿಗೆ ರೋಗ ಅಂಟಿಸಿಬಿಟ್ರಾ?"

ಪ್ರತಿ ಬ್ಯಾಚಿನಲ್ಲೂ ಇದೇ ಪ್ರಶ್ನೆ. ಒಮ್ಮೆ ಒಬ್ಬ ಡಾಕ್ಟ್ರೂ ಕೇಳಿದ್ದರು, ಬೇಜಾರಾಯ್ತು. ಆ ಲಸಿಕೆಯಲ್ಲಿ ವೈರಸ್ಸೇ ಇರಲಿಲ್ಲ. ವೈರಸ್ಸಿನ ಹೊರಮೈಯಲ್ಲಿ ಜಿಪಿ120 ಅನ್ನೋ ಪ್ರೋಟೀನ್ ಇರುತ್ತೆ, ಅದನ್ನು ಲ್ಯಾಬಿನಲ್ಲಿ ತಯಾರಿಸಿ ಕೊಟ್ಟಿದ್ದು. ಕಳ್ಳನ ಅಂಗಿ ತಂದು ನಾಯಿಗೆ ಮೂಸಿಸಿದ ಹಾಗೆ. ಅಂಗಿ ಎದ್ದು ಬಂದು ಮನೆ ದೋಚಲ್ಲ.

ಅಷ್ಟಕ್ಕೂ ನಂಬಿಕೆ ಬರಲಿಲ್ಲವಾ? ಬೋರ್ಡ್ ಮೇಲೆ ನಡುವೆ ಒಂದು ಗೆರೆ ಎಳೆಯುತ್ತೇನೆ. ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಪ್ರೋಟೀನೇ ಇಲ್ಲದ ಸುಮ್ನೆ ಒಂದು ಇಂಜೆಕ್ಷನ್. ಯಾರಿಗೆ ಯಾವುದು ಅಂತ ಚುಚ್ಚುವವರಿಗೂ ಗೊತ್ತಿಲ್ಲ. ಎಡಕ್ಕೆ, ಲಸಿಕೆಯ ಕಡೆ ಸೋಂಕು 106. ಬಲಕ್ಕೆ 105. ಈಗ ಹೇಳಿ, ಲಸಿಕೆಯನ್ನೇ ತಗೊಳ್ಳದ ಆ 105 ಜನಕ್ಕೆ ಎಲ್ಲಿಂದ ಬಂತು? ಹೊರಗಿನಿಂದ. ಮುಖ್ಯವಾಗಿ ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬರು ಬಳಸಿದ್ದರಿಂದ. ಲಸಿಕೆಯೇ ಅಂಟಿಸಿದ್ದರೆ ಎಡಗಡೆ ರಾಶಿ ಬೀಳಬೇಕಿತ್ತು. ಬಿದ್ದಿಲ್ಲ. ಲಸಿಕೆ ಕಾಪಾಡಿದ್ದರೆ ಎಡಗಡೆ ಇಳಿಯಬೇಕಿತ್ತು. ಇಳಿದಿಲ್ಲ. ಲಸಿಕೆ ಸೋತಿತು, ಅಷ್ಟೇ.

ಗೆದ್ದರೆ ಲೆಕ್ಕ ಹೇಗಿರುತ್ತೆ ಅಂತಲೂ ಬರೆದು ತೋರಿಸುತ್ತೇನೆ. ಮುಂದೆ ಅದೇ ಬ್ಯಾಂಕಾಕಿನಲ್ಲಿ, ಇಂಥವರಲ್ಲೇ ಎಚ್‌ಐವಿ ಅಂಟದಂತೆ ತಡೆಯಲು ಟೆನೊಫೊವಿರ್ ಅನ್ನೋ ಮಾತ್ರೆಯ ಪ್ರಯೋಗ ನಡೆಯಿತು. 2013ರಲ್ಲಿ ಫಲಿತಾಂಶ ಬಂತು. ಮಾತ್ರೆ ತಗೊಂಡವರಲ್ಲಿ 17, ಬರೀ ಹುಸಿ ಮಾತ್ರೆ ತಗೊಂಡವರಲ್ಲಿ 33. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ, ಅಲ್ವಾ?

ಒಂದು ಎಚ್ಚರಿಕೆ. ಪ್ರಯೋಗದ ಲಸಿಕೆ ತಗೊಂಡವರಲ್ಲಿ ಕೆಲವರಿಗೆ ಮಾಮೂಲಿ ಎಚ್‌ಐವಿ ಟೆಸ್ಟ್ ಪಾಸಿಟಿವ್ ತೋರಿಸಬಹುದು. ಟೆಸ್ಟಿಗೆ ಸಿಗೋದು ಲಸಿಕೆಯಿಂದ ಮೈಯಲ್ಲಿ ಹುಟ್ಟಿದ ಪ್ರತಿಕಾಯ, ಅಂದರೆ ವೈರಸ್ಸಿನ ವಿರುದ್ಧ ಮೈ ತಯಾರಿಸಿಕೊಂಡ ಪ್ರೋಟೀನ್; ಸೋಂಕಲ್ಲ. ಸೋಂಕು ಹೌದೋ ಅಲ್ಲವೋ ಅಂತ ವೈರಸ್ಸನ್ನೇ ಹುಡುಕುವ ಬೇರೆ ಟೆಸ್ಟ್ ಮಾಡಿ ನೋಡಬೇಕು. ಅಂಟಿಸಿದರು ಅನ್ನೋ ಗಾಳಿಮಾತಿಗೆ ಇದೂ ಒಂದು ಕಾರಣ ಇರಬಹುದು.

"ನಶೆಯಲ್ಲಿರೋರಿಗೆ ಇದೆಲ್ಲ ಅರ್ಥ ಆಗುತ್ತಾ, ಪ್ರಯೋಗಕ್ಕೆ ಒಪ್ಪಿಗೆ ಕೊಡೋಕಾಗುತ್ತಾ?" ಅನ್ನೋರೂ ಇದ್ದಾರೆ. ಮತ್ತಿನಲ್ಲಿದ್ದಾಗ ಯಾರ ಸಹಿಯನ್ನೂ ತಗೊಳ್ಳಬಾರದು, ಸರಿ. ಆದರೆ ದಿನವಿಡೀ ಮತ್ತಿನಲ್ಲೇ ಇರೋರು ಕಡಿಮೆ.

ಹೋದ ಸಲ ಕ್ಲಾಸ್ ಮುಗಿಸಿ ಬೋರ್ಡ್ ಒರೆಸಿರಲಿಲ್ಲ. ನಮ್ಮಲ್ಲಿಗೆ ಬರುವ ಹುಡುಗನೊಬ್ಬ, ಚುಚ್ಚಿಕೊಳ್ಳೋ ನಶೆಯ ಬದಲಿಗೆ ನಾವು ಕೊಡೋ ದಿನದ ಮಾತ್ರೆಗೆ ಬಂದಿದ್ದ. ಸಿಸ್ಟರ್ ಮಾತ್ರೆ ಪುಡಿ ಮಾಡಿ ನಾಲಿಗೆ ಕೆಳಗೆ ಹಾಕಿದರು. ಕರಗೋವರೆಗೂ ಮಾತಾಡೋ ಹಾಗಿಲ್ಲ. ಬಾಯಿ ಮುಚ್ಚಿಕೊಂಡು ಬೋರ್ಡನ್ನೇ ನೋಡುತ್ತಾ ಕೂತ. ಬಾಯಿ ತೆರೆಸಿ, ಕರಗಿದೆಯಾ ಅಂತ ಸಿಸ್ಟರ್ ನೋಡಿದ ಮೇಲೆ ನನ್ನ ಹತ್ತಿರ ಬಂದ.

"ಅಕ್ಕ, ಆ ಮೊದಲನೇ ಮದ್ದು ಕೆಲ್ಸ ಮಾಡಿಲ್ಲ ತಾನೆ?"

ಯಾರೂ ಹೇಳಿಕೊಟ್ಟಿರಲಿಲ್ಲ. ಹೌದು ಅಂದೆ.

"ಅಲ್ಲಿ ನಮ್ಮ ಥರ ಹೊಸ ಸೂಜಿ ಕೊಡ್ತಿದ್ರಾ?"

ಕ್ಲಿನಿಕ್ಕಿನಲ್ಲಿ ಕೊಡ್ತಿರಲಿಲ್ಲ ಕಣೋ ಅಂದೆ. ನಶೆಯ ಬದಲಿಗೆ ಕೊಡೋ ಮೆಥಡೋನ್ ಅನ್ನೋ ಮದ್ದು ಇತ್ತು, ಕಾಂಡೋಮ್ ಇತ್ತು, ಬುದ್ಧಿಮಾತು ಇತ್ತು. ಸೂಜಿ ತೊಳೆದುಕೊಳ್ಳೋಕೆ ಬ್ಲೀಚ್ ಇತ್ತು.

ಅವನು ನಕ್ಕ. "ಬ್ಲೀಚಾ? ನಶೆ ಇಳಿದು ಚುಚ್ಚಿಕೊಳ್ಳೋ ಹೊತ್ತಲ್ಲಿ ಕೈ ಹೆಂಗೆ ನಡುಗ್ತಾ ಇರುತ್ತೆ ಗೊತ್ತಾ ಅಕ್ಕ?"