ಪೆಟ್ಟಿಗೆ ಬಿಡಿಸುವ ಮುನ್ನ

ಹೋಲೋಕಾಸ್ಟ್‌ನಿಂದ, ಅಂದರೆ ಜರ್ಮನಿಯ ನಾಜಿಗಳು ನಡೆಸಿದ ಯಹೂದಿಗಳ ನರಮೇಧದಿಂದ, ಜೀವ ಉಳಿಸಿಕೊಂಡು ಅಮೆರಿಕಕ್ಕೆ ವಲಸೆ ಬಂದ ಯಹೂದಿ ಕುಟುಂಬಗಳ ಕಾಗದಪತ್ರಗಳು ನಮ್ಮ ಸಂರಕ್ಷಣಾ ಕೋಣೆಗೆ ಬರುವುದು ಸಾಮಾನ್ಯವಾಗಿ ಬಿಸ್ಕತ್ತಿನ ಡಬ್ಬಿಯಲ್ಲಿ, ಇಲ್ಲವೇ ಚಪ್ಪಲಿಯ ಪೆಟ್ಟಿಗೆಯಲ್ಲಿ. ತರುವವರು ಈಚೆಗೆ ಹೆಚ್ಚಾಗಿ ಮೊಮ್ಮಕ್ಕಳು. ಎಲ್ಲವನ್ನೂ ಬಿಡಿಸಿ, ಪತ್ರಗಳನ್ನೂ ಫೋಟೋಗಳನ್ನೂ ಬೇರೆಬೇರೆಯಾಗಿ ಜೋಡಿಸಿ, ಹಳೆಯ ಲಕೋಟೆಗಳನ್ನು ಎಸೆದು ಬಂದಿರುತ್ತಾರೆ. ಅಕ್ಕರೆಯಿಂದ ಮಾಡಿದ ಕೆಲಸವೇ ಅದು. ಆದರೆ ನಾವು ಸರಿಪಡಿಸಲಾಗದ ನಷ್ಟ ಅಷ್ಟರಲ್ಲಿ ಆಗಿಹೋಗಿರುತ್ತದೆ.

ಒಬ್ಬ ಮೊಮ್ಮಗಳು ಮಾತ್ರ ಏನನ್ನೂ ಕದಲಿಸದೆ ತಂದಿದ್ದರು. ಮೇಲ್ಗಡೆಯೇ 1939ರ ಬರ್ಲಿನ್ನಿನ ಪಾಸ್‌ಪೋರ್ಟ್ ಇತ್ತು. ಅದರಲ್ಲಿ ಯಹೂದಿಗಳ ಪಾಸ್‌ಪೋರ್ಟುಗಳಿಗೆ 1938ರ ಅಕ್ಟೋಬರಿನಿಂದ ಒತ್ತುತ್ತಿದ್ದ ಕೆಂಪು ‘ಜೆ’ ಅಕ್ಷರ, ಜರ್ಮನ್ನಿನಲ್ಲಿ ‘ಯಹೂದಿ’ ಎಂಬ ಪದದ ಮೊದಲಕ್ಷರ. ಅಜ್ಜಿಯ ಹೆಸರಿನ ಪಕ್ಕದಲ್ಲಿ 1939ರ ಜನವರಿಯಿಂದ ಯಹೂದಿ ಹೆಂಗಸರ ಮೇಲೆ ಹೇರಿದ ‘ಸಾರಾ’ ಎಂಬ ಹೆಚ್ಚುವರಿ ಹೆಸರು. ಒಳಪುಟಗಳ ನಡುವೆ ನಾಲ್ಕಾಗಿ ಮಡಚಿದ ರೆಡ್ ಕ್ರಾಸ್ ನಮೂನೆಯೊಂದಿತ್ತು. ಶತ್ರುದೇಶಗಳ ನಡುವೆ ಅಂಚೆ ನಿಂತಿದ್ದ ಯುದ್ಧದ ವರ್ಷಗಳಲ್ಲಿ ಜಿನೀವಾ ಮೂಲಕ ಸಾಗುತ್ತಿದ್ದ ಈ ನಮೂನೆಗಳಲ್ಲಿ 25 ಪದಗಳಿಗಿಂತ ಹೆಚ್ಚು ಬರೆಯುವಂತಿರಲಿಲ್ಲ. ಉತ್ತರವನ್ನು ಅದೇ ಹಾಳೆಯ ಹಿಂಬದಿಯಲ್ಲಿ ಬರೆಯಬೇಕಿತ್ತು. ಲಂಡನ್ನಿನಲ್ಲಿದ್ದ ಅಜ್ಜಿ ಕೇಳಿದ್ದಕ್ಕೆ ಬರ್ಲಿನ್ನಿನಲ್ಲೇ ಉಳಿದ ಅವರ ತಾಯಿ ಕೊಟ್ಟ ಉತ್ತರವದು, ಮತ್ತು ಅದೇ ಕೊನೆಯದು. ತಾಯಿಯ ಕೊನೆಯ ಮಾತನ್ನು ತನ್ನ ಪಾಸ್‌ಪೋರ್ಟಿನೊಳಗೇ ಇಟ್ಟುಕೊಂಡು ಆಕೆ ಸಮುದ್ರ ದಾಟಿದ್ದರೆಂಬುದನ್ನು ಯಾವ ಹಾಳೆಯೂ ಹೇಳುವುದಿಲ್ಲ, ಅವು ಒಟ್ಟಿಗಿದ್ದ ಬಗೆಯೊಂದೇ ಹೇಳುತ್ತದೆ. ಆದ್ದರಿಂದಲೇ, ಏನನ್ನಾದರೂ ಎತ್ತುವ ಮೊದಲು ಇದ್ದದ್ದನ್ನು ಇದ್ದ ಹಾಗೆಯೇ ಪದರ ಪದರವಾಗಿ ಫೋಟೋ ತೆಗೆಯಿರಿ ಎಂದು ಎಲ್ಲರಲ್ಲಿಯೂ ಬೇಡಿಕೊಳ್ಳುತ್ತೇನೆ.

ಯುದ್ಧಕಾಲದ ಅಗ್ಗದ ಕಾಗದವನ್ನು ಮರದ ತಿರುಳಿನಿಂದ ಮಾಡಿರುವುದರಿಂದ ಅದರೊಳಗಿನ ಲಿಗ್ನಿನ್ ಎಂಬ ಮರದ ಅಂಶ ಮತ್ತು ಆಮ್ಲ ಅದನ್ನು ಹಳದಿಗಟ್ಟಿಸಿ, ಮಡಿಕೆಗಳಲ್ಲಿ ಹಪ್ಪಳದಂತೆ ಮುರಿಯುವ ಸ್ಥಿತಿಗೆ ತಂದಿರುತ್ತವೆ. ಮುರಿದಲ್ಲಿ ಸೆಲ್ಲೋಟೇಪ್ ಹಚ್ಚಬಾರದು. ಅದರ ಅಂಟು ಕಾಗದದೊಳಗೆ ಇಳಿದು ಕಂದು ಕಲೆಯಾಗುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ತುಕ್ಕು ಹಿಡಿದ ಪಿನ್ನುಗಳನ್ನು ಎಚ್ಚರದಿಂದ ತೆಗೆದು, ಹಾಳೆಗಳನ್ನು ಆಮ್ಲರಹಿತ ಕಡತದಲ್ಲೋ ಪಾಲಿಯೆಸ್ಟರ್ ಹೊದಿಕೆಯಲ್ಲೋ ಇರಿಸಿ, ಅಟ್ಟವೂ ನೆಲಮಾಳಿಗೆಯೂ ಅಲ್ಲದ ತಂಪು ಕೋಣೆಯಲ್ಲಿ, ತೇವಾಂಶ ಶೇ. 30ರಿಂದ 50ರೊಳಗೆ ಇರುವಂತೆ ನೋಡಿಕೊಂಡರೆ ಮನೆಯಲ್ಲಿ ಮಾಡಬಹುದಾದದ್ದು ಬಹುಪಾಲು ಮುಗಿಯಿತು. ಸ್ಕ್ಯಾನ್ ಮಾಡುವಾಗ ಖಾಲಿಯೆಂದು ತೋರುವ ಹಿಂಬದಿಯನ್ನೂ ಬಿಡಬಾರದು. ಸೆನ್ಸಾರಿನ ಮುದ್ರೆ ಇರುವುದು ಎಷ್ಟೋ ಸಲ ಅಲ್ಲಿಯೇ.

ಓದಲಾಗದ ಪತ್ರಗಳನ್ನು ‘ಬೇಡದವು’ ಎಂದು ಬದಿಗಿಡುವುದೂ ಉಂಟು. ಆ ತಲೆಮಾರಿನ ಜರ್ಮನ್ನರು ಕಲಿತದ್ದು ಕುರೆಂಟ್ ಮತ್ತು ಸ್ಯೂಟರ್ಲಿನ್ ಎಂಬ ಹಳೆಯ ಶೈಲಿಯ ಕೂಡುಬರಹ. ಶಾಲೆಗಳಲ್ಲಿ ಅದನ್ನು 1941ರಲ್ಲಿ ಕೈಬಿಟ್ಟಿದ್ದರಿಂದ ಈಗಿನ ಜರ್ಮನ್ನರಿಗೂ ಅದು ಸುಲಭವಲ್ಲ, ಆದರೆ ಓದಬಲ್ಲವರಿದ್ದಾರೆ. ನ್ಯೂಯಾರ್ಕಿನ ಲಿಯೋ ಬೆಕ್ ಇನ್‌ಸ್ಟಿಟ್ಯೂಟ್, ವಾಷಿಂಗ್ಟನ್ನಿನ ಹೋಲೋಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯ, ಲಂಡನ್ನಿನ ವೀನರ್ ಗ್ರಂಥಾಲಯ ಮತ್ತು ಜೆರುಸಲೇಮಿನ ಯಾದ್ ವಶೇಮ್ ಇಂಥ ಸಂಗ್ರಹಗಳನ್ನು ಕಾಪಾಡುತ್ತಿವೆ. ನಾಜಿಗಳ ಕಿರುಕುಳಕ್ಕೆ ಒಳಗಾದವರ ದಾಖಲೆಗಳನ್ನಿಡುವ ಜರ್ಮನಿಯ ಅರೋಲ್ಸನ್ ಪತ್ರಾಗಾರದಲ್ಲಿ ಸುಮಾರು 3 ಕೋಟಿ ದಾಖಲೆಗಳಿದ್ದು, ಕುಟುಂಬದವರು ಅಲ್ಲಿ ಉಚಿತವಾಗಿ ವಿಚಾರಿಸಬಹುದು. ಕೊಡುವುದಾದರೆ ಇಡಿಯ ಪೆಟ್ಟಿಗೆಯನ್ನು ಒಂದೇ ಕಡೆಗೆ ಕೊಡಿ. ಸೋದರಸಂಬಂಧಿಗಳು ಹಂಚಿಕೊಂಡ ಸಂಗ್ರಹವನ್ನು ಮತ್ತೆ ಕೂಡಿಸುವುದು ಬಹಳ ಕಷ್ಟ.

ಕಾಗದದ ಆಮ್ಲ ಪಕ್ಕದ ಪುಟಗಳಿಗೂ ಹರಡುವ ಕಾರಣ ರೆಡ್ ಕ್ರಾಸ್ ನಮೂನೆಯನ್ನು ಪಾಸ್‌ಪೋರ್ಟಿನೊಳಗೆ ಬಿಡುವಂತಿರಲಿಲ್ಲ. ಹೊರತೆಗೆದು ಪಕ್ಕದಲ್ಲೇ ಇರಿಸಿದೆವು. ಅದು ಯಾವ ಎರಡು ಪುಟಗಳ ನಡುವೆ ಇತ್ತೆಂಬುದನ್ನು ಮೊಮ್ಮಗಳೇ ಕಡತದ ಮೇಲೆ ಪೆನ್ಸಿಲಿನಲ್ಲಿ ಬರೆದರು.