ಎದುರಿನ ಬೆಳಕು, ನಡುವಿನ ಮನುಷ್ಯ

ಕಳೆದ ಡಿಸೆಂಬರಿನ ಒಂದು ರಾತ್ರಿ ಅಫಜಲಪುರದಿಂದ ಕಲಬುರಗಿಗೆ ಕಾರಿನಲ್ಲಿ ಬರುತ್ತಿದ್ದೆ. ಪಕ್ಕದ ಸೀಟಿನಲ್ಲಿ ನಮ್ಮ ಕಾಕಾ ಕುಳಿತಿದ್ದರು. ಚೌಡಾಪುರ ದಾಟಿ ಸ್ವಲ್ಪ ದೂರ ಬಂದಿರಬೇಕು, ಎದುರಿನಿಂದ ಕಾರೊಂದು ಫುಲ್ ಲೈಟ್ ಹಾಕಿಕೊಂಡೇ ಬಂತು. ನಾನು ಎರಡು ಸಲ ಡಿಪ್ಪರ್ ಹೊಡೆದರೂ ಅದು ದೀಪ ಇಳಿಸಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು, ರಸ್ತೆ ನೆಟ್ಟಗಿದೆಯಲ್ಲ ಎಂಬ ಧೈರ್ಯದಲ್ಲಿ ಅದೇ ವೇಗದಲ್ಲಿ ಮುಂದುವರಿದೆ. ಅಷ್ಟರಲ್ಲಿ ಕಾಕಾ, "ಏ ತಮ್ಮಾ, ಎಡಕ್ಕ ಮನಷ್ಯಾ ಹೊಂಟಾನ ನೋಡು!" ಎಂದು ಕೂಗಿದರು. ಬ್ರೇಕ್ ತುಳಿದೆ. ಕರಿ ಕಂಬಳಿ ಹೊದ್ದು, ಕೈಯಲ್ಲಿ ಕೋಲು ಹಿಡಿದು, ಹಂದಿ ಬಾರದಂತೆ ಹೊಲ ಕಾಯಲು ಹೊರಟಿದ್ದ ರೈತರೊಬ್ಬರು ಕಾರಿನ ಮೂತಿಯಿಂದ ಎರಡು ಮಾರು ದೂರದಲ್ಲಿದ್ದರು. ಅವರು ಒಮ್ಮೆ ತಿರುಗಿ ನೋಡಿ, ಡಾಂಬರಿನಿಂದ ಇಳಿದು ಮುರುಮಿನ ಮೇಲೆ ನಡೆಯತೊಡಗಿದರು. ಎದುರಿನ ಕಾರು ಆಗಲೇ ಹೋಗಿಬಿಟ್ಟಿತ್ತು.

ರಸ್ತೆಯಲ್ಲಿ ಇತರರ ಅಭ್ಯಾಸಗಳು ನಮಗೆ ಕಿರಿಕಿರಿ ಮಾಡುವುದು ಹೊಸದಲ್ಲ. ಸಿಗ್ನಲ್ ಬಿಡುವ ಮೊದಲೇ ಹಾರ್ನ್ ಒತ್ತುವವರು, ಬೆನ್ನಿಗೆ ಅಂಟಿಕೊಂಡು ಬರುವವರು, ಇಂಡಿಕೇಟರ್ ಹಾಕದೆ ತಿರುಗುವವರು ಎಲ್ಲ ಊರಿನಲ್ಲೂ ಇದ್ದಾರೆ. ಇವರೊಂದಿಗೆ ಫುಲ್ ಲೈಟಿನವರನ್ನೂ ಸೇರಿಸಿ, ಸಿಟ್ಟು ಮಾಡಿ, ಮರೆತುಬಿಡುವುದು ನಮ್ಮ ರೂಢಿ. ಆದರೆ ಆ ರಾತ್ರಿಯ ನಂತರ ನಾನು ಇದನ್ನು ಬರೀ ಕಿರಿಕಿರಿ ಎಂದು ಕರೆಯಲಾರೆ. ಉಳಿದ ಅಭ್ಯಾಸಗಳನ್ನು ಕಂಡು ನಾವು ಎಚ್ಚರಗೊಳ್ಳಬಹುದು. ಇದು ಮಾತ್ರ ಎಚ್ಚರಗೊಳ್ಳಲು ಬೇಕಾದ ನೋಟವನ್ನೇ ಕಿತ್ತುಕೊಳ್ಳುತ್ತದೆ. ಕಿತ್ತುಕೊಳ್ಳುವುದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಕಣ್ಣಿನೊಳಗೆ ಹೋಗಬೇಕು.

ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದಲ್ಲಿ ಬೆಳಕನ್ನು ಗ್ರಹಿಸುವ ಎರಡು ಬಗೆಯ ಕೋಶಗಳಿವೆ. ಶಂಕುವಿನಾಕಾರದವು ಹಗಲಿಗೆ ಮತ್ತು ಬಣ್ಣಕ್ಕೆ. ಇವು ಸುಮಾರು 60 ಲಕ್ಷ. ಕಡ್ಡಿಯಾಕಾರದವು ಮಂದ ಬೆಳಕಿಗೆ. ಇವುಗಳ ಎಣಿಕೆ ಕೋಟಿಗಳಲ್ಲಿ. ಕಡ್ಡಿಕೋಶಗಳಲ್ಲಿರುವ ನಸುಗೆಂಪು ವರ್ಣಕ ಬೆಳಕಿಗೆ ಬಿಳಿಚಿಕೊಳ್ಳುತ್ತದೆ ಎಂಬುದನ್ನು 1876ರಲ್ಲಿ ಕಪ್ಪೆಯ ಕಣ್ಣಿನಲ್ಲಿ ಗುರುತಿಸಿದವರು ಜರ್ಮನಿಯ ಫ್ರಾಂಜ್ ಬೋಲ್. ಅದೇ ರೊಡಾಪ್ಸಿನ್. ಅದರಲ್ಲಿ 'ಎ' ಜೀವಸತ್ವದ ಪಾತ್ರವನ್ನು ಬಿಡಿಸಿ ತೋರಿಸಿದ ಜಾರ್ಜ್ ವಾಲ್ಡ್ ಅವರಿಗೆ 1967ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಯಿತು. ಇರುಳುಗಣ್ಣು ಇದ್ದವರಿಗೆ ಗಜ್ಜರಿ, ಸೊಪ್ಪು ತಿನ್ನಿರೆಂದು ಹೇಳುವುದು ಇದೇ ಕಾರಣಕ್ಕೆ. ಬೆಳಕಿನಿಂದ ಕತ್ತಲೆಗೆ ಹೋದಾಗ ಈ ವರ್ಣಕ ಮರಳಿ ಕೂಡಿಕೊಂಡು ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಗೂ ಹೆಚ್ಚು ಸಮಯ ಬೇಕು.

ಇಷ್ಟು ಓದಿದವರು, ಎದುರಿನ ಬೆಳಕು ಬಿದ್ದೊಡನೆ ಈ ವರ್ಣಕವೆಲ್ಲ ಕರಗಿ ನಾವು ಕುರುಡರಾಗುತ್ತೇವೆ ಎಂದು ತೀರ್ಮಾನಿಸುವುದುಂಟು. ನಾನೂ ಹಾಗೆಯೇ ನಂಬಿದ್ದೆ. ಆದರೆ ಕೆಲವೇ ಸೆಕೆಂಡು ಬಿದ್ದ ಹೆಡ್‌ಲೈಟ್ ಅಷ್ಟೊಂದು ವರ್ಣಕವನ್ನು ಕರಗಿಸುವುದಿಲ್ಲ. ವಾಹನ ದಾಟಿದ ಮೇಲೆ ಕೆಲವು ಕ್ಷಣ ಕಾಡುವ ಕಪ್ಪುಚುಕ್ಕೆಗೆ ರೆಟಿನಾದ ಹೊಂದಾಣಿಕೆ ಕಾರಣ, ನಿಜ. ಆದರೆ ವಾಹನ ಎದುರಿಗಿರುವಾಗಲೇ ಆಗುವ ಕುರುಡಿಗೆ ಕಾರಣ ಬೇರೆ, ಮತ್ತು ಅದು ರೆಟಿನಾಕ್ಕಿಂತ ಮುಂದಿದೆ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಮತ್ತು ಅದರ ಹಿಂದಿನ ಮಸೂರ ನೋಡಲು ತಿಳಿಯಾಗಿದ್ದರೂ ಗಾಜಿನಷ್ಟು ಶುದ್ಧವಲ್ಲ. ಅವು ಜೀವಂತ ಅಂಗಾಂಶಗಳು. ಒಳಬಂದ ಬೆಳಕಿನ ಒಂದು ಸಣ್ಣ ಪಾಲನ್ನು ಅತ್ತಿತ್ತ ಚೆದುರಿಸುತ್ತವೆ. ಹಗಲಿನಲ್ಲಿ ಈ ಚೆದುರಿಕೆ ಗಮನಕ್ಕೆ ಬಾರದು. ಕತ್ತಲೆಯಲ್ಲಿ ಒಂದೇ ಒಂದು ಪ್ರಖರ ದೀಪ ಎದುರಾದಾಗ, ಆ ದೀಪದಿಂದ ಚೆದುರಿದ ಬೆಳಕು ಇಡೀ ರೆಟಿನಾದ ಮೇಲೆ ತೆಳುವಾದ ಬಿಳಿ ತೆರೆಯಂತೆ ಹರಡಿಕೊಳ್ಳುತ್ತದೆ. ಧೂಳು ಮುಚ್ಚಿದ ಗಾಜಿನ ಮೇಲೆ ಸೂರ್ಯನ ಬಿಸಿಲು ಬಿದ್ದಾಗ ಗಾಜಿನಾಚೆಯದು ಕಾಣದಿರುವ ಹಾಗೆ.

ಈ ತೆರೆ ಮನುಷ್ಯನನ್ನು ಅಡಗಿಸುವ ಬಗೆಯನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ನನ್ನ ದೀಪದ ಬೆಳಕಿಗೆ ರಸ್ತೆಯಿಂದ 10 ಪಾಲು ಬೆಳಕು ಕಣ್ಣಿಗೆ ಮರಳುತ್ತಿದೆ, ಕರಿ ಕಂಬಳಿಯಿಂದ 5 ಪಾಲು ಎಂದು ಇಟ್ಟುಕೊಳ್ಳಿ. ಕಂಬಳಿ ರಸ್ತೆಗಿಂತ ಅರ್ಧದಷ್ಟು ಕಪ್ಪಾಗಿ ಕಾಣುತ್ತದೆ, ಯಾರಾದರೂ ಗುರುತಿಸಬಹುದು. ಈಗ ಎದುರಿನ ದೀಪದಿಂದ 100 ಪಾಲಿನ ತೆರೆ ಎರಡರ ಮೇಲೂ ಬಿತ್ತು. ರಸ್ತೆ 110, ಕಂಬಳಿ 105. ವ್ಯತ್ಯಾಸ ಈಗಲೂ 5 ಪಾಲೇ, ಆದರೆ ಅದು ಶೇಕಡಾ 50ರಿಂದ ಶೇಕಡಾ 5ಕ್ಕಿಂತ ಕೆಳಗೆ ಇಳಿದಿದೆ. ಕಣ್ಣು ಗುರುತಿಸುವುದು ಬೆಳಕಿನ ಮೊತ್ತವನ್ನಲ್ಲ, ಈ ಅನುಪಾತವನ್ನು. ಮನುಷ್ಯ ಇದ್ದಲ್ಲಿಯೇ ಇದ್ದಾನೆ, ನನ್ನ ದೀಪ ಅವನ ಮೇಲೆ ಮೊದಲಿನಷ್ಟೇ ಬೀಳುತ್ತಿದೆ. ಆದರೂ ಅವನು ಇಲ್ಲ. ಬಿಳಿ ಧೋತರ, ಬಿಳಿ ಅಂಗಿ ತೊಟ್ಟವರು ಹಲವು ಪಟ್ಟು ಹೆಚ್ಚು ಬೆಳಕು ಮರಳಿಸುವುದರಿಂದ ಇಂಥ ತೆರೆಯಲ್ಲೂ ಸ್ವಲ್ಪ ಉಳಿಯುತ್ತಾರೆ. ನಮ್ಮ ಭಾಗದ ರೈತ ವರ್ಷವಿಡೀ ಬಿಳಿ ಉಟ್ಟು, ತೊಗರಿ ಕೊಯ್ಲಿನ ಈ ಚಳಿಗಾಲದಲ್ಲೇ ಅದರ ಮೇಲೆ ಕರಿ ಕಂಬಳಿ ಹೊದೆಯುತ್ತಾನೆ ಎಂಬುದನ್ನು ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ತೆರೆ ಎಷ್ಟು ದಪ್ಪವಾಗಿರುತ್ತದೆ ಎಂಬುದಕ್ಕೆ 1920ರ ದಶಕದಲ್ಲೇ ಹಾಲಡೇ ಮತ್ತು ಸ್ಟೈಲ್ಸ್ ಎಂಬ ಇಬ್ಬರು ಸಂಶೋಧಕರು ಒಂದು ಸರಳ ಸೂತ್ರ ಕಂಡುಕೊಂಡರು. ಕಣ್ಣಿಗೆ ಬೀಳುವ ಬೆಳಕು ಹೆಚ್ಚಿದಷ್ಟೂ ತೆರೆ ದಪ್ಪ. ನಾವು ನೋಡುತ್ತಿರುವ ದಿಕ್ಕಿಗೂ ದೀಪಕ್ಕೂ ನಡುವಿನ ಕೋನ ಎರಡರಷ್ಟಾದರೆ ತೆರೆ ನಾಲ್ಕನೇ ಒಂದು. ಇದರಿಂದ ಹೊರಡುವ ಒಂದು ಮಾತು ನಮ್ಮ ರಸ್ತೆಗಳಿಗೆ ಬಹಳ ಮುಖ್ಯ. ಎದುರಿನ ವಾಹನ 150 ಮೀಟರಿನಿಂದ 50 ಮೀಟರಿಗೆ ಬಂದಾಗ ಅದರ ಬೆಳಕು ಕಣ್ಣಿಗೆ 9 ಪಟ್ಟು ಹೆಚ್ಚು ಬೀಳುತ್ತದೆ. ಅದೇ ಹೊತ್ತಿಗೆ ಅದು ಪಕ್ಕಕ್ಕೆ ಸರಿದಂತಾಗಿ ಕೋನ 3 ಪಟ್ಟು ಹಿಗ್ಗುತ್ತದೆ, ಅದರಿಂದ ತೆರೆ 9ರಲ್ಲಿ ಒಂದು ಪಾಲಿಗೆ ಇಳಿಯಬೇಕು. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಅಂದರೆ ದೂರದ ಫುಲ್ ಲೈಟ್ ಹಾಕುವ ತೆರೆ ಹತ್ತಿರದ್ದಕ್ಕಿಂತ ತೆಳುವಾಗಿರುವುದಿಲ್ಲ. ಇನ್ನೂ ದೂರ ಇದ್ದಾನಲ್ಲ, ಹತ್ತಿರ ಬಂದಾಗ ಇಳಿಸಿದರಾಯಿತು ಎಂಬ ಲೆಕ್ಕಾಚಾರ ಇಲ್ಲಿಯೇ ತಪ್ಪುತ್ತದೆ. ಘಟ್ಟದ ತಿರುವುಗಳಲ್ಲಿ ಎದುರಿನ ದೀಪ ಗುಡ್ಡದ ಮರೆಯಿಂದ ಕೊನೆಯ ಕ್ಷಣಕ್ಕೆ ಹೊರಬೀಳಬಹುದು. ಎರೆ ಭೂಮಿಯ ಬಯಲಿನಲ್ಲಿ, ಕಲಬುರಗಿಯಿಂದ ಜೇವರ್ಗಿಗೆ ಹೋಗುವಾಗ, ಗೆರೆ ಎಳೆದಂತಿರುವ ರಸ್ತೆಯಲ್ಲಿ ಅದು ಬಹಳ ಹೊತ್ತು ಕಣ್ಣೆದುರೇ ಇರುತ್ತದೆ.

ಆ ರಾತ್ರಿ ನನಗಿಂತ ಮೊದಲು ಕಾಕಾ ಅವರಿಗೆ ಆ ರೈತ ಕಂಡದ್ದು ಇದರಿಂದಲೇ ಎಂದು ಈಗ ಅರ್ಥವಾಗುತ್ತದೆ. ಅವರು ನನಗಿಂತ ಸುಮಾರು ಮುಕ್ಕಾಲು ಮೀಟರ್ ಎಡಕ್ಕೆ ಕುಳಿತಿದ್ದರು, ಮೇಲಾಗಿ ಎದುರಿನ ದೀಪದತ್ತ ನೋಡದೆ ರಸ್ತೆಯ ಅಂಚನ್ನೇ ನೋಡುತ್ತಿದ್ದರು. ದೀಪದೊಂದಿಗೆ ಅವರ ನೋಟದ ಕೋನ ದೊಡ್ಡದಿತ್ತು. ಪ್ರಖರವಾದುದರ ಕಡೆಗೆ ಕಣ್ಣು ತಾನಾಗಿ ಹೊರಳುವುದು ಸಹಜ. ನಾನು ಹಾಗೆ ಹೊರಳಿಸಿದ್ದೆ. ಕಾಕಾ ಅವರಿಗೆ 68 ವರ್ಷ. ವಯಸ್ಸಾದಂತೆ ಮಸೂರದ ಪ್ರೋಟೀನುಗಳು ಗಂಟುಕಟ್ಟಿ ಚೆದುರಿಕೆ ಏರುತ್ತದೆ. 70ರ ಹೊತ್ತಿಗೆ ತೆರೆ ಯುವಕರದ್ದಕ್ಕಿಂತ ಸರಿಸುಮಾರು ಎರಡು ಪಟ್ಟಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಪೊರೆ ಕಟ್ಟಿದರಂತೂ ಇನ್ನೂ ಹೆಚ್ಚು. ಅವರೇ ಚಾಲಕರ ಸೀಟಿನಲ್ಲಿದ್ದಿದ್ದರೆ ಏನಾಗುತ್ತಿತ್ತೋ.

ವೇಗದ ಲೆಕ್ಕ ಇನ್ನೂ ನಿಷ್ಠುರ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಕಂಡದ್ದನ್ನು ಗ್ರಹಿಸಿ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ 33 ಮೀಟರ್ ಹೋಯಿತು. ಒಣ ಡಾಂಬರಿನ ಮೇಲೆ ಕಾರು ನಿಲ್ಲಲು ಇನ್ನೂ ಅಷ್ಟೇ ದೂರ ಬೇಕು. ಡಿಮ್ ದೀಪದಲ್ಲಿ ಕಪ್ಪು ಬಟ್ಟೆಯವರು ಕಾಣುವುದು ಇದಕ್ಕಿಂತ ಕಡಿಮೆ ದೂರಕ್ಕೆ. ಆದ್ದರಿಂದ ಎದುರು ಯಾರೂ ಇಲ್ಲದಾಗ ಫುಲ್ ಲೈಟ್ ಹಾಕುವುದು ಸರಿಯೇ, ಹಾಕಲೇಬೇಕು. ಎದುರಿಗೆ ವಾಹನ ಬಂದಾಗ ದೀಪ ಇಳಿಸಿ, ಅದರೊಂದಿಗೆ ವೇಗವನ್ನೂ ಇಳಿಸಬೇಕು. ನಮ್ಮಲ್ಲಿ ಬಹಳ ಮಂದಿ ಮಾಡುವುದು ಬೇರೆ: ಅವನು ಇಳಿಸಲಿಲ್ಲವೆಂದು ತಾವೂ ಫುಲ್ ಹಾಕುತ್ತಾರೆ. ಇಬ್ಬರೂ 80ರಲ್ಲಿದ್ದರೆ ನಡುವಿನ 200 ಮೀಟರ್ ಕರಗಲು ನಾಲ್ಕೂವರೆ ಸೆಕೆಂಡು. ಅಷ್ಟು ಹೊತ್ತು ಇಬ್ಬರು ಚಾಲಕರೂ ಕುರುಡರು, ಮತ್ತು ನಡುವೆ ಗಾಣಗಾಪುರಕ್ಕೆ ಹುಣ್ಣಿಮೆಗೆಂದು ನಡೆದು ಹೊರಟವರಿರಬಹುದು, ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಇರಬಹುದು.

ಎಲ್ಲರೂ ಹಟದಿಂದ ಹೀಗೆ ಮಾಡುತ್ತಾರೆಂದು ನಾನು ಹೇಳುವುದಿಲ್ಲ. ದೀಪವನ್ನು ಇಳಿಸಿಕೊಂಡೂ ಕಣ್ಣಿಗೆ ಹೊಡೆಯುವವರಿದ್ದಾರೆ, ಮತ್ತು ಅವರಿಗೆ ಅದು ಗೊತ್ತೇ ಇರುವುದಿಲ್ಲ. ಹೆಡ್‌ಲೈಟಿನ ಹಳೆಯ ಎಚ್4 ಹ್ಯಾಲೊಜೆನ್ ಬಲ್ಬೊಂದನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಎರಡು ತಂತಿಗಳಿವೆ. ಡಿಮ್‌ನ ತಂತಿಯ ಕೆಳಗೆ ಉಗುರಿನಷ್ಟು ಚಿಕ್ಕ ಲೋಹದ ಬಟ್ಟಲಿದೆ. ಆ ತಂತಿಯ ಬೆಳಕು ಬಲ್ಬಿನ ಸುತ್ತಲಿನ ಕನ್ನಡಿಯಂಥ ಪ್ರತಿಫಲಕದ ಕೆಳಭಾಗಕ್ಕೆ ಬಿದ್ದರೆ ಮೇಲಕ್ಕೆ ಚಿಮ್ಮಿ ಎದುರಿನವರ ಕಣ್ಣಿಗೆ ಹೋಗುತ್ತದೆ; ಅದನ್ನು ತಡೆಯುವುದೇ ಆ ಬಟ್ಟಲಿನ ಕೆಲಸ. ಹೀಗಾಗಿ ಡಿಮ್ ಬೆಳಕನ್ನು ಗೋಡೆಯ ಮೇಲೆ ಬಿಟ್ಟರೆ ಚಾಕುವಿನಿಂದ ಕತ್ತರಿಸಿದಂತೆ ಮೇಲಂಚು ಕಾಣುತ್ತದೆ. ಈ ಪ್ರತಿಫಲಕ ತಂತಿಯ ಆಕಾರ ಮತ್ತು ಜಾಗವನ್ನು ಮಿಲಿಮೀಟರ್ ಲೆಕ್ಕದಲ್ಲಿ ನಂಬಿ ಮಾಡಿದ್ದು. ಅಲ್ಲಿಗೆ ಅಂಗಡಿಯಿಂದ ತಂದ ಅಗ್ಗದ ಎಲ್‌ಇಡಿ ಬಲ್ಬ್ ಸಿಕ್ಕಿಸಿದರೆ ಬೆಳಕಿನ ಮೂಲವೇ ಬೇರೆಡೆಗೆ ಸರಿದು ಆ ಅಂಚು ಒಡೆದುಹೋಗುತ್ತದೆ. ಹಾಕಿಸಿಕೊಂಡವರಿಗೆ ರಸ್ತೆ ಬೆಳ್ಳಗೆ ಕಂಡು ಸಮಾಧಾನ. ಕಂಪನಿಯೇ ಎಲ್‌ಇಡಿಗೆಂದು ರೂಪಿಸಿದ ದೀಪದ ಬಗ್ಗೆ ನನ್ನ ತಕರಾರಿಲ್ಲ, ಈ ಜೋಡಣೆಯ ಬಗ್ಗೆ ಇದೆ. ನನ್ನ ಅಭಿಪ್ರಾಯದಲ್ಲಿ ಇವತ್ತು ರಾತ್ರಿಯ ರಸ್ತೆಯನ್ನು ಹೆಚ್ಚು ಕೆಡಿಸುತ್ತಿರುವುದು ಇದೇ.

ಕಾನೂನು ಇದನ್ನು ಗಮನಿಸಿಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮವು, ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವವರನ್ನು ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು ಎನ್ನುತ್ತದೆ.

ಇನ್ನೊಂದು ಕಾರಣ ಹೊರೆ. ಡಿಮ್ ಬೆಳಕಿನ ಅಂಚು ಸಾಮಾನ್ಯವಾಗಿ ಮೀಟರಿಗೆ 1 ಸೆಂಟಿಮೀಟರಿನಂತೆ ಕೆಳಗಿಳಿಯುವಂತೆ ಹೊಂದಿಸಿರುತ್ತಾರೆ. ಹಿಂದೆ ನಾಲ್ಕು ಚೀಲ ತೊಗರಿ ಹೇರಿದರೆ, ಟಂಟಂನ ಹಿಂಬದಿಯಲ್ಲಿ ಜನ ತುಂಬಿದರೆ, ಮೂತಿ ಮೇಲೇಳುತ್ತದೆ. ಒಂದೇ ಒಂದು ಡಿಗ್ರಿ ಎದ್ದರೂ 50 ಮೀಟರ್ ದೂರದಲ್ಲಿ ಬೆಳಕು 87 ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ. ನೆಲ ನೋಡಬೇಕಿದ್ದ ಬೆಳಕು ನೇರವಾಗಿ ಎದುರಿನ ಚಾಲಕರ ಕಣ್ಣಿಗೆ. ಅನೇಕ ಕಾರುಗಳಲ್ಲಿ ಸ್ಟೇರಿಂಗ್ ಹತ್ತಿರ 0ಯಿಂದ 3ರ ತನಕ ಅಂಕಿಗಳಿರುವ ಸಣ್ಣ ಗಾಲಿ ಇರುವುದು ಇದನ್ನು ಸರಿಪಡಿಸಲೆಂದೇ. ನಾನು ಕಾರು ಕೊಂಡು ಆರು ವರ್ಷವಾದರೂ ಅದನ್ನು ಮುಟ್ಟಿರಲಿಲ್ಲ.

ಆ ರಾತ್ರಿ ಡಿಕ್ಕಿಯಲ್ಲಿ ಊರಿನಿಂದ ತಂದ ತೊಗರಿಯ ಚೀಲಗಳಿದ್ದವು. ಮನೆ ಮುಟ್ಟಿದ ಮೇಲೆ ಅವನ್ನು ಇಳಿಸುವ ಮೊದಲು ಕಾರನ್ನು ಕಂಪೌಂಡ್ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ, ಹೆಡ್‌ಲೈಟಿನ ಎತ್ತರ ಅಳೆದು, ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದೆ. ಡಿಮ್ ದೀಪ ಹಾಕಿದಾಗ ಬೆಳಕಿನ ಅಂಚು ಗೆರೆಯಿಂದ 5 ಸೆಂಟಿಮೀಟರ್ ಕೆಳಗಿರಬೇಕಿತ್ತು. ಅದು ಗೆರೆಗಿಂತ ಎರಡು ಬೆರಳು ಮೇಲಿತ್ತು. ಎದುರಿನ ಕಾರಿನವರನ್ನು ಬೈದುಕೊಂಡೇ ಬಂದಿದ್ದ ನಾನು, ದಾರಿಯುದ್ದಕ್ಕೂ ದೀಪ ಇಳಿಸಿದ್ದೇನೆಂದು ತಿಳಿದು ಎಷ್ಟು ಜನರ ಕಣ್ಣಿಗೆ ತೆರೆ ಹಾಕಿದ್ದೆನೋ.

ಕಾಕಾ ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕುಳಿತರು. ಅವರ ಕಣ್ಣು ದೀಪದಷ್ಟೇ ಎತ್ತರಕ್ಕೆ ಬಂತು. ಹಣೆಗೆ ಕೈ ಅಡ್ಡ ಹಿಡಿದಿದ್ದರು. ನಾನು ಒಳಗೆ ಕುಳಿತು ಆ ಸಣ್ಣ ಗಾಲಿಯನ್ನು ಒಂದೊಂದೇ ಅಂಕಿ ತಿರುಗಿಸುತ್ತ ಹೋದೆ. ಬೆಳಕು ಅವರ ಹಣೆಯಿಂದ ಮೂಗಿಗೆ, ಮೂಗಿನಿಂದ ಗದ್ದಕ್ಕೆ ಜಾರಿತು. ಮೂರಕ್ಕೆ ಬಂದಾಗ ಅವರು ಕೈ ಇಳಿಸಿ, ಪಡಸಾಲೆಯ ಬಲ್ಬಿನ ಬೆಳಕಿನಲ್ಲಿ ಕಾರಿನತ್ತ ಕಣ್ಣು ತೆರೆದು ನೋಡಿ ಹೇಳಿದರು: "ಈಗ ನಂಬರ್ ಪ್ಲೇಟ್ ಓದ್ಲಿಕ್ಕ ಬರ್ತದ ನೋಡು."