ಮೈಸೂರಿನ ತಾಳ, ಕ್ಯಾಲಿಫೋರ್ನಿಯಾದ ಸ್ವರ

ಮೈಸೂರಿನಲ್ಲಿ ಕೂತು ಟೀಚರ್ ತಾಳ ಹಾಕುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಹುಡುಗಿ ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಿಸೆ ಹಾಡುತ್ತಾಳೆ. ಮೊದಲ ಕಾಲ ಹೇಗೋ ಸಾಗುತ್ತದೆ. ಮೂರನೇ ಕಾಲಕ್ಕೆ, ಅಂದರೆ ಮೊದಲಿನ ನಾಲ್ಕು ಪಟ್ಟು ವೇಗಕ್ಕೆ, ಬಂದಾಗ ಟೀಚರ್ ನಿಲ್ಲಿಸುತ್ತಾರೆ: "ತಾಳ ತಪ್ತಾ ಇದೆ ಪುಟ್ಟಿ." ಆದರೆ ಹುಡುಗಿ ತಪ್ಪಿಲ್ಲ. ತನಗೆ ಕೇಳಿಸಿದ ತಾಳಕ್ಕೆ ಸರಿಯಾಗಿಯೇ ಹಾಡಿದ್ದಾಳೆ. ವಿಡಿಯೊ ಕಾಲ್‌ನಲ್ಲಿ ಪಾಠ ಕಲಿಯುವ ಮಕ್ಕಳು ಹೀಗೆ ಸುಮ್ನೆ ಬೈಸಿಕೊಂಡರೆ ನನಗೆ ಸಂಕಟವಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಎರಡು ಊರುಗಳ ನಡುವೆ ಸುಮಾರು 14,000 ಕಿಲೋಮೀಟರ್. ಗಾಜಿನ ಎಳೆಯ ಕೇಬಲ್‌ನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಹೋಗಲು 70 ಮಿಲಿಸೆಕೆಂಡ್, ಬರಲು 70. ಕೇಬಲ್ ಸುತ್ತಿ ಬಳಸಿ ಬರುತ್ತದೆ. ಜೊತೆಗೆ ಕಂಪ್ಯೂಟರ್, ವೈಫೈ, ವಿಡಿಯೊ ಆ್ಯಪ್ ತಮ್ಮ ಪಾಲಿನ ತಡ ಸೇರಿಸುತ್ತವೆ. ಬ್ಲೂಟೂತ್ ಹೆಡ್‌ಫೋನ್ ಇದ್ದರಂತೂ ಇನ್ನೂ ಜಾಸ್ತಿ. ನಿಮಿಷಕ್ಕೆ 60 ಅಕ್ಷರದ (ತಾಳದ ಎಣಿಕೆಯ) ಲಯದಲ್ಲಿ ಮೂರನೇ ಕಾಲದ ಒಂದು ಸ್ವರಕ್ಕೆ ಸಿಗುವುದೇ 250 ಮಿಲಿಸೆಕೆಂಡ್. ಟೀಚರ್ ಕೈ "ಮ"ಕ್ಕೆ ಬಂದಾಗ ಅವರ ಕಿವಿಗೆ ಹುಡುಗಿಯ "ಗ" ಬೀಳುತ್ತಿರುತ್ತದೆ.

ಹಾಗಾದರೆ ಎಷ್ಟು ತಡವಾದರೆ ಪರವಾಗಿಲ್ಲ? ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಚಪ್ಪಾಳೆ ಹೊಡೆಸಿದರು. ನಡುವಿನ ತಡವನ್ನು ಹೆಚ್ಚು ಕಡಿಮೆ ಮಾಡುತ್ತ ಹೋದರು. ತಡ ಹೆಚ್ಚಾದಂತೆ ಲಯ ನಿಧಾನವಾಯಿತು. ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತಾರೆ, ಅವರು ಇವರಿಗಾಗಿ ಕಾಯುತ್ತಾರೆ. ಇದು ನಿರೀಕ್ಷಿಸಿದ್ದೇ. ಆದರೆ ತಡವೇ ಇಲ್ಲದಾಗ ಲಯ ಓಡತೊಡಗಿತು! ಸುಮಾರು 10 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಮಾತ್ರ ನೆಟ್ಟಗೆ ನಿಂತಿತು. ಗಾಳಿಯಲ್ಲಿ ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ ಮೂರು ನಾಲ್ಕು ಮೀಟರ್ ದೂರ ಕೂತು ನುಡಿಸಿದ ಹಾಗೆ. ಒಂದು ಭಜನೆ ಮನೆಯ ಅಗಲ ಅದು, ಅಲ್ವಾ? ನಮ್ಮ ಕಿವಿ ಪಳಗಿರುವುದು ಇಂಥ ದೂರಕ್ಕೆ.

ಬೆಂಗಳೂರು–ಮೈಸೂರಿನ ನಡುವೆ ಬೆಳಕಿಗೆ ಬೇಕಾದದ್ದು ಒಂದು ಮಿಲಿಸೆಕೆಂಡ್ ಅಷ್ಟೇ. ಇಂಥ ಹತ್ತಿರದ ಊರುಗಳಿಗೆ ಜಾಮುಲಸ್‌ನಂಥ ಉಚಿತ ತಂತ್ರಾಂಶ ಇದೆ. ಅದು ಸದ್ದನ್ನು ಪುಟ್ಟ ಪುಟ್ಟ ತುಂಡು ಮಾಡಿ ಕೂಡಲೇ ಕಳಿಸುತ್ತದೆ. ದಾರಿಯಲ್ಲಿ ಒಂದು ತುಂಡು ಕಳೆದುಹೋದರೆ ಅದಕ್ಕಾಗಿ ಕಾಯುವುದಿಲ್ಲ. ತಂತಿ ಹಾಕಿದ ಇಂಟರ್‌ನೆಟ್, ತಂತಿಯ ಹೆಡ್‌ಫೋನ್ ಇದ್ದರೆ ಜೊತೆಯಾಗಿ ಹಾಡಬಹುದು.

ಸ್ಯಾನ್ ಫ್ರಾನ್ಸಿಸ್ಕೊಗೆ ಆ ದಾರಿ ಇಲ್ಲ. ಬೆಳಕನ್ನು ಇನ್ನೂ ಜೋರಾಗಿ ಓಡಿಸಲು ಆಗದು. 2005ರಲ್ಲಿ ಬಂದ ನಿಂಜ್ಯಾಮ್ ಎಂಬ ತಂತ್ರಾಂಶ ಇದಕ್ಕೆ ಬೇರೆಯೇ ಉಪಾಯ ಹೂಡಿತು. ನನಗೆ ತುಂಬ ಪ್ರೀತಿಯ ಉಪಾಯ ಅದು. ತಡವನ್ನು ಕಡಿಮೆ ಮಾಡುವ ಬದಲು ಒಂದು ಪೂರ್ತಿ ಆವರ್ತನದಷ್ಟು, ಅಂದರೆ ತಾಳದ ಒಂದು ಸುತ್ತಿನಷ್ಟು, ಹೆಚ್ಚಿಸಿಬಿಡು! ನೀವು ಈಗ ನುಡಿಸಿದ್ದು ಉಳಿದವರಿಗೆ ಮುಂದಿನ ಆವರ್ತನದಲ್ಲಿ ಕೇಳುತ್ತದೆ. ಸಮಕ್ಕೆ (ಆವರ್ತನದ ಮೊದಲ ಏಟಿಗೆ) ಸಮ ಕೂಡುತ್ತದೆ. ಕೃತಿ ಹಾಡಲು ಇದು ಆಗದು, ಒಬ್ಬರು ಅನುಪಲ್ಲವಿಗೆ ಹೋದಾಗ ಇನ್ನೊಬ್ಬರ ಪಲ್ಲವಿ ಕೇಳುತ್ತಿರುತ್ತದೆ. ಆದರೆ ಮೃದಂಗ–ಘಟದ ಸವಾಲು ಜವಾಬು ನಡೆಯಬಹುದು. ಮೃದಂಗದವರು ಒಂದು ಆವರ್ತನ ನುಡಿಸಿ ಎರಡು ಆವರ್ತನ ತಾಳ ಹಾಕುತ್ತ ಕಾಯಬೇಕು. ನಾಲ್ಕನೆಯದರಲ್ಲಿ ಘಟದ ಉತ್ತರ ಬರುತ್ತದೆ. ಎಂಟು ಅಕ್ಷರದ ಆದಿ ತಾಳದಲ್ಲಿ, ನಿಮಿಷಕ್ಕೆ 60ರ ಅದೇ ಲಯಕ್ಕೆ, 16 ಸೆಕೆಂಡಿನ ಕಾಯುವಿಕೆ.

ಇನ್ನು ಆ ಹುಡುಗಿಯ ಪಾಠ. ಟೀಚರ್ ತಾವು ತಾಳ ಹಾಕುವುದನ್ನು ಬಿಟ್ಟು ಅವಳಿಂದಲೇ ತೊಡೆ ತಟ್ಟಿಸಲಿ. ಅವಳ ಸ್ವರ, ಅವಳ ತಟ್ಟು ಎರಡೂ ಒಟ್ಟಿಗೆ ಹೊರಡುತ್ತವೆ, ಎಷ್ಟೇ ತಡವಾದರೂ ಮೈಸೂರಿಗೆ ಒಟ್ಟಿಗೆ ಬಂದು ಮುಟ್ಟುತ್ತವೆ. ಆಗ ತಾಳ ತಪ್ಪಿದರೆ ಅದು ನಿಜವಾಗಿಯೂ ತಪ್ಪಿದ್ದು.